ಹೊಗೆಗೂ ಗಿರಾಕಿ ಬೇಕು

ಜೂನ್ ಮೊದಲ ವಾರದ ಬೆಳಗು. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಒಂದು ಗೊಬ್ಬರದಂಗಡಿ ಮುಂದೆ ನೀವು ನಿಂತಿದ್ದೀರಿ. ರೋಹಿಣಿ ಮಳೆ ಹದವಾಗಿ ಬಿದ್ದಿದೆ. ಮಿರುಗ ಕೂಡುತ್ತಿದ್ದಂತೆ ಕೂರಿಗೆ ಹೂಡಬೇಕೆಂಬ ಅವಸರ ಎಲ್ಲರ ಮುಖದಲ್ಲಿ. ಹಿಂದಕ್ಕೆ ತಂದು ನಿಲ್ಲಿಸಿದ ಲಾರಿಯಿಂದ ಹಮಾಲರು ಚೀಲ ಇಳಿಸುತ್ತಿದ್ದಾರೆ. ಚೀಲ ಹೆಗಲಿಗೆ ಬಿದ್ದಾಗಲೆಲ್ಲ ಬೂದುಬಣ್ಣದ ಧೂಳು ಏಳುತ್ತದೆ. ಅದು ಗಂಟಲಿಗೆ ಇಳಿದರೆ ಹುಳಿ, ಹಿಂದೆಯೇ ಒಂದು ಬಗೆಯ ಒಗರು. ಗಲ್ಲೆಯ ಪಕ್ಕದಲ್ಲಿ ಪಾಸ್ ಮಷೀನು. ಹೆಬ್ಬೆಟ್ಟು ಒತ್ತಿದರೆ ಮಾತ್ರ ರಸೀದಿ. ಕೆಲಸ ಮಾಡಿ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತಿಲ್ಲ. ಹಿರಿಯರೊಬ್ಬರು ಬೆರಳನ್ನು ಧೋತರಕ್ಕೆ ಒರೆಸಿ ಮತ್ತೊಮ್ಮೆ ಒತ್ತುತ್ತಾರೆ.

“ಡಿಎಪಿ ಬಂದೈತೇನ್ರಿ ಸಾವ್ಕಾರ್ರ?”

“ಬಂದದ್ದು ನಿನ್ನೇನ ಖಾಲಿ ಆತ್ರಿ ಕಾಕಾ. ಸೂಪರ್ ಐತಿ, ಒಯ್ಯರಿ. ಮೂರು ಚೀಲ ಸೂಪರ್, ಒಂದು ಚೀಲ ಯೂರಿಯಾ ಹಾಕ್ರಿ. ಡಿಎಪಿಕಿಂತ ಚಲೋ ಆಕ್ಕೈತಿ.”

“ಮೂರು ಚೀಲ ಹೇರೂದು, ಇಳಸೂದು, ಹೊಲಕ್ಕ ಹೊರೂದು ಯಾರ್ರಿ?”

ಇಬ್ಬರ ಲೆಕ್ಕವೂ ಸರಿ. 50 ಕಿಲೋದ ಒಂದು ಡಿಎಪಿ ಚೀಲದಲ್ಲಿ ಇರುವಷ್ಟು ರಂಜಕ ಬೇಕೆಂದರೆ ಸಿಂಗಲ್ ಸೂಪರ್ ಫಾಸ್ಫೇಟಿನ ಮೂರು ಚೀಲ ಹೊರಲೇಬೇಕು. ಆದರೆ ಆ ಮೂರು ಚೀಲದ ಜೊತೆ ಬೇರೊಂದು ಸರಕೂ ಹೊಲಕ್ಕೆ ಹೋಗುತ್ತದೆ. ಚೀಲದ ಮೇಲಿನ ಅಚ್ಚು ಓದಿ: ರಂಜಕ ಶೇ. 16, ಗಂಧಕ ಶೇ. 11. ಅಂದರೆ ಚೀಲಕ್ಕೆ ಐದೂವರೆ ಕಿಲೋ, ಮೂರು ಚೀಲಕ್ಕೆ ಹದಿನಾರೂವರೆ ಕಿಲೋ ಗಂಧಕ. ಡಿಎಪಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಈ ಗಂಧಕವನ್ನು ಗೊಬ್ಬರಕ್ಕೆಂದು ಯಾರೂ ಬೇರೆಯಾಗಿ ಬೆರೆಸಿಲ್ಲ. ಗೊಬ್ಬರ ಮಾಡಲು ಸುರಿದ ಆ್ಯಸಿಡ್ಡಿನ ಜೊತೆ ಅದು ಬಂದಿದೆ. ಆ್ಯಸಿಡ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನೀವು ಒಂದು ಕುಲುಮೆಯ ಬಾಯಿಗೆ ತಲುಪಬಹುದು. ಚೀಲ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ.

ಮೊದಲು ಸಿಗುವುದು ಸೂಪರ್ ಕಾರ್ಖಾನೆ. ಇಂಥವು ದೇಶದಲ್ಲಿ ಹಲವು ಕಡೆ ಇವೆ. ರಾಜಸ್ಥಾನದ ಉದಯಪುರದ ಸುತ್ತ ಒತ್ತಾಗಿ ಇವೆ. ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಝಾಮರ್‌ಕೋಟ್ರಾದ ರಂಜಕದ ಕಲ್ಲು ಒಂದು ಕಡೆ, ದೇಬಾರಿಯ ಸತು ಕರಗಿಸುವ ಕಾರ್ಖಾನೆಯ ಆ್ಯಸಿಡ್ ಇನ್ನೊಂದು ಕಡೆ. ಒಳಗೆ ಕಾಲಿಟ್ಟರೆ ಬೀಸಿದ ಕಲ್ಲಿನ ಪುಡಿ ಕನ್ವೇಯರ್ ಮೇಲೆ ಹರಿದು ಬರುತ್ತಿದೆ. ಮಿಕ್ಸರಿನಲ್ಲಿ ಅದರ ಮೇಲೆ ಗಂಧಕಾಮ್ಲ ಬೀಳುತ್ತದೆ. ಬಿಸಿ ಗಂಜಿಯಂಥ ರಾಡಿ ಉಬ್ಬಿಕೊಂಡು ಡೆನ್ ಎಂಬ ಕೋಣೆಗೆ ಇಳಿದು, ಸ್ವಲ್ಪ ಹೊತ್ತಿನಲ್ಲೇ ಮೈಸೂರು ಪಾಕಿನ ಹಾಗೆ ಒಳಗೆಲ್ಲ ತೂತುಬಿಟ್ಟು ಗಟ್ಟಿಯಾಗುತ್ತದೆ. ತಿರುಗುವ ಬ್ಲೇಡು ಅದನ್ನು ಕೆರೆದು ಕೆಳಗೆ ಕೆಡವುತ್ತದೆ. ಮೂಗಿಗೆ ಹೊಡೆಯುವುದು ಫ್ಲೋರಿನ್ ಕೂಡಿದ ಗಾಳಿ. ಅದನ್ನು ನೀರಿನಲ್ಲಿ ತೊಳೆದೇ ಹೊರಗೆ ಬಿಡಬೇಕು. ಗೋದಾಮಿನಲ್ಲಿ ರಾಶಿ ಕೆಲವು ವಾರ ಮಾಗಿದ ಮೇಲಷ್ಟೇ ಚೀಲಕ್ಕೆ. ಒಂದು ಟನ್ ಸೂಪರ್‌ಗೆ ಸುಮಾರು 370 ಕಿಲೋ ಆ್ಯಸಿಡ್ ಹಿಡಿಯುತ್ತದೆ. ಅಮರಗೋಳದಲ್ಲಿ ಹಮಾಲರ ಹೆಗಲೇರಿದ ಒಂದೊಂದು ಚೀಲಕ್ಕೂ ಹದಿನೆಂಟು ಕಿಲೋದಷ್ಟು ಗಂಧಕಾಮ್ಲ ಖರ್ಚಾಗಿದೆ.

ಭಾರತದಲ್ಲಿ ಈ ಆ್ಯಸಿಡ್ ಹೆಚ್ಚಾಗಿ ಗಂಧಕವನ್ನೇ ಸುಟ್ಟು ಮಾಡಿದ್ದು. ಆ ಗಂಧಕದಲ್ಲಿ ಬಹುಪಾಲು ಕಚ್ಚಾ ತೈಲದಿಂದ ತೆಗೆದದ್ದು; ನಮ್ಮ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲೂ ಹೀಗೆ ಗಂಧಕ ಹೊರಬರುತ್ತದೆ. ಉಳಿದ ಆ್ಯಸಿಡ್ ಬರುವುದು ತಾಮ್ರ, ಸತು, ಸೀಸ ಕರಗಿಸುವ ಕಾರ್ಖಾನೆಗಳಿಂದ. ನಿಮ್ಮ ಮುಂದಿನ ಹೆಜ್ಜೆ ಅಲ್ಲಿಗೆ.

ಗುಜರಾತಿನ ದಹೇಜ್, ಖಂಬಾತ್ ಕೊಲ್ಲಿಯ ದಂಡೆ. ಹಿಂಡಾಲ್ಕೊ ಕಂಪನಿಯ ಬಿರ್ಲಾ ಕಾಪರ್ ಇರುವುದು ಇಲ್ಲಿ. ತಾಮ್ರ, ಆ್ಯಸಿಡ್, ಅದರಿಂದ ಫಾಸ್ಫೊರಿಕ್ ಆ್ಯಸಿಡ್, ಕೊನೆಗೆ ಡಿಎಪಿ, ಇಷ್ಟೂ ಒಂದೇ ಕಡೆ. ಇಂಥ ಯಾವ ತಾಮ್ರದ ಕಾರ್ಖಾನೆಗೆ ಹೋದರೂ ಮೊದಲು ಕಾಣುವುದು ಅದಿರಿನ ಪುಡಿಯ ಗುಡ್ಡ. ಹಿಡಿಯಲ್ಲಿ ಎತ್ತಿ ನೋಡಿ. ಒದ್ದೆ, ಭಾರ, ಕಪ್ಪು ಹಸಿರು. ಬಿಸಿಲಿಗೆ ಹಿಡಿದರೆ ಹಿತ್ತಾಳೆಯ ಮಿಂಚು. ತೂಕದಲ್ಲಿ ಕಾಲು ಭಾಗ ತಾಮ್ರ ಇದ್ದರೆ ಗಂಧಕ ಅದಕ್ಕೂ ಹೆಚ್ಚು, ಶೇ. 30ರ ಆಸುಪಾಸು. ತಾಮ್ರದ ಕಾರ್ಖಾನೆ ಎಂದು ಬೋರ್ಡು ಹಾಕಿಕೊಂಡರೂ ಒಳಗೆ ಬರುವ ಸರಕಿನಲ್ಲಿ ಗಂಧಕದ್ದೇ ಮೇಲುಗೈ.

ಈ ಪುಡಿ ಕನ್ನಡ ನೆಲದಲ್ಲೂ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಒಂದು ಹಳೆಯ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟರು. ಭೂವಿಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಅದೇ ಹೆಸರು. ಆ ಶಿಲೆಗಳ ಪಟ್ಟಿಯೊಂದು ಚಿತ್ರದುರ್ಗದ ಕಡೆ ಹಾದಿದೆ. ಅಲ್ಲಿನ ಇಂಗಳದಾಳದ ಗಣಿಯಿಂದ ತಾಮ್ರದ ಅದಿರು ತೆಗೆಯುತ್ತಿದ್ದರು. ಕರಗಿಸುವ ಕುಲುಮೆ ಕರ್ನಾಟಕದಲ್ಲಿ ಇರಲಿಲ್ಲವಾದ್ದರಿಂದ ಪುಡಿ ಹೊರರಾಜ್ಯಕ್ಕೆ ಹೋಗುತ್ತಿತ್ತು. ತಾಮ್ರದ ಜೊತೆ ಗಂಧಕವೂ ಗಡಿ ದಾಟುತ್ತಿತ್ತು. ಈಗ ಆ ಗಣಿಯೂ ನಿಂತಿದೆ.

ಕುಲುಮೆಯ ಕಟ್ಟೆ ಏರಿ. ಹೆಲ್ಮೆಟ್, ದಪ್ಪ ಬೂಟು, ಕುತ್ತಿಗೆಗೆ ನೇತುಬಿಟ್ಟ ಮಾಸ್ಕ್. ಒಣಗಿಸಿದ ಪುಡಿಯನ್ನು ಆಮ್ಲಜನಕ ಬೆರೆತ ಗಾಳಿಯೊಡನೆ ಮೇಲಿನಿಂದ ಊದುತ್ತಾರೆ. ಕೆಳಗೆ ಬೀಳುವಷ್ಟರಲ್ಲಿ ಅದು ಹೊತ್ತಿ ಉರಿದುಬಿಡುತ್ತದೆ. ಇಲ್ಲಿ ಉರುವಲೆಂದರೆ ಬಹುಪಾಲು ಅದಿರಿನಲ್ಲಿರುವ ಗಂಧಕ, ಕಬ್ಬಿಣಗಳೇ. ಒಳಗಿನ ಕಾವು 1200 ಡಿಗ್ರಿ ದಾಟಿದೆ. ತಳದಲ್ಲಿ ತಾಮ್ರದ ಅಂಶ ಹೆಚ್ಚಿರುವ ಮ್ಯಾಟ್, ಅದರ ಮೇಲೆ ತೇಲುವ ಕಿಟ್ಟ. ಮ್ಯಾಟನ್ನು ಇನ್ನೊಂದು ಕುಲುಮೆಗೆ ಸುರಿದು ಗಾಳಿ ಊದಿದರೆ ಉಳಿದ ಗಂಧಕವೂ ಉರಿದು ಹೋಗುತ್ತದೆ.

ದೊಡ್ಡ ಬಕೆಟ್ಟು ಬಾಗಿ ಸುರಿಯುವ ಹೊತ್ತಿಗೆ ಕುಲುಮೆಯ ಬಾಯಿಗೂ ಹೊಗೆ ಹೀರುವ ಮುಚ್ಚಳಕ್ಕೂ ನಡುವೆ ಸಂದು ಬೀಳುತ್ತದೆ. ನೀಲಿ ಛಾಯೆಯ ಒಂದೆಳೆ ಹೊಗೆ ತಪ್ಪಿಸಿಕೊಂಡು ನಿಮ್ಮ ಕಡೆ ಬರುತ್ತದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ತಟ್ಟುವ ವಾಸನೆಯೇ, ಆದರೆ ಇಲ್ಲಿ ಅದು ಗಂಟಲು ಹಿಸುಕುತ್ತದೆ, ನಾಲಿಗೆಯ ಮೇಲೆ ಲೋಹದ ರುಚಿ, ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಆಪರೇಟರ್ ಮಾತಾಡುವುದಿಲ್ಲ, ನಿಮ್ಮ ಮಾಸ್ಕನ್ನು ಮೇಲಕ್ಕೆಳೆದುಕೊಳ್ಳಲು ಕೈಸನ್ನೆ ಮಾಡುತ್ತಾನೆ. ಇದು ಸಲ್ಫರ್ ಡೈಆಕ್ಸೈಡ್. ಮನುಷ್ಯನ ಶ್ವಾಸನಾಳವನ್ನು ಕುಗ್ಗಿಸುವ ಈ ಅನಿಲ ಎಲೆಯ ಸೂಕ್ಷ್ಮ ರಂಧ್ರಗಳೊಳಗೂ ನುಗ್ಗುತ್ತದೆ. ನರಗಳ ನಡುವಿನ ಹಸಿರು ಸುಟ್ಟು ಬೆಳ್ಳಗಾಗುತ್ತದೆ.

ಹಿಂದೆಲ್ಲ ಈ ಹೊಗೆಯನ್ನು ಆಕಾಶಕ್ಕೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಈಗ ನಿಮ್ಮ ತಲೆಯ ಮೇಲೆ ಹಾದಿರುವ, ಮನುಷ್ಯ ಒಳಗೆ ನಡೆದು ಹೋಗುವಷ್ಟು ಅಗಲದ ಕೊಳವೆಯಲ್ಲಿ ಅದು ಬೇರೆ ಕಡೆ ಸಾಗುತ್ತಿದೆ. ಕೊಳವೆಯ ಗುಂಟ ನಡೆಯಿರಿ. ಮೊದಲು ಬಾಯ್ಲರು: ಹೊಗೆಯ ಕಾವು ಇಳಿಯುತ್ತದೆ, ಆ ಕಾವಿನಿಂದ ಹಬೆ ಸಿಗುತ್ತದೆ. ಆಮೇಲೆ ವಿದ್ಯುತ್ತಿನ ಸೆಳೆತಕ್ಕೆ ಧೂಳು ಉದುರುವ ಪೆಟ್ಟಿಗೆ; ಅದರಲ್ಲೂ ತಾಮ್ರ ಇರುವುದರಿಂದ ಆ ಧೂಳಿಗೆ ಮತ್ತೆ ಕುಲುಮೆಯ ದಾರಿ. ಆಮೇಲೆ ನೀರಿನ ಸ್ನಾನ. ಆರ್ಸೆನಿಕ್, ಸೀಸ, ಪಾದರಸದಂಥ ವಿಷಗಳು ಹೊಗೆಯನ್ನು ಬಿಡಬೇಕಾದದ್ದು ಇಲ್ಲಿಯೇ. ಗೊಬ್ಬರಕ್ಕೆ ಹೋಗುವ ಆ್ಯಸಿಡ್ ಇದು. ಇಲ್ಲಿ ತೊಳೆಯದೆ ಬಿಟ್ಟ ಕೊಳೆ ಹೊಲಕ್ಕೇ ಬರುತ್ತದೆ.

ತೊಳೆದು ಒಣಗಿಸಿದ ಅನಿಲ ಈಗ ಕನ್ವರ್ಟರಿಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಏನೂ ವಿಶೇಷವಿಲ್ಲ, ಒಂದು ಎತ್ತರದ ಉಕ್ಕಿನ ಪೀಪಾಯಿ. ಒಳಗೆ ಅಂತಸ್ತು ಅಂತಸ್ತಾಗಿ ವೆನೇಡಿಯಂ ಪೆಂಟಾಕ್ಸೈಡ್ ಲೇಪಿಸಿದ ಹಳದಿ ಗುಳಿಗೆಗಳ ಹಾಸು. ಸುಮಾರು 420 ಡಿಗ್ರಿಯಲ್ಲಿ ಒಳಹೊಕ್ಕ ಅನಿಲ ಆಮ್ಲಜನಕವನ್ನು ಕೂಡಿಸಿಕೊಂಡು ಸಲ್ಫರ್ ಟ್ರೈಆಕ್ಸೈಡ್ ಆಗುತ್ತದೆ. ಆಗುತ್ತ ಆಗುತ್ತ 600 ಡಿಗ್ರಿಗೆ ಕಾಯುತ್ತದೆ. ಕಾವೇರಿದಷ್ಟೂ ಕೂಡುವುದು ಕಡಿಮೆ. ಆದ್ದರಿಂದ ಒಂದು ಹಾಸು ದಾಟಿದ ಮೇಲೆ ತಣಿಸಿ, ಮುಂದಿನ ಹಾಸಿಗೆ ಕಳಿಸುತ್ತಾರೆ. ಮೂರು ಹಾಸು ದಾಟಿದ ಮೇಲೆ ಆದಷ್ಟನ್ನು ಹೀರಿ ತೆಗೆದು, ಉಳಿದದ್ದನ್ನು ನಾಲ್ಕನೆಯದರ ಮೇಲೆ ಹಾಯಿಸಿ ಮತ್ತೊಮ್ಮೆ ಹೀರುತ್ತಾರೆ. ಹೀಗೆ ಎರಡು ಸಲ ಹೀರಿದ ಮೇಲೆ ಒಳಗೆ ಬಂದ ಅನಿಲದಲ್ಲಿ ಶೇ. 99.5ಕ್ಕೂ ಹೆಚ್ಚು ಆ್ಯಸಿಡ್ ಆಗಿರುತ್ತದೆ.

ಹೀರುವ ಗೋಪುರದ ಹತ್ತಿರ ಒಂದು ವಿಚಿತ್ರವಿದೆ, ನಿಂತು ನೋಡಿ. ಗಂಧಕಾಮ್ಲ ಆಗಬೇಕಾದರೆ ಈ ಅನಿಲಕ್ಕೆ ನೀರು ಬೇಕು. ನೇರವಾಗಿ ನೀರಿಗೆ ಬಿಟ್ಟರೆ ಮಾತ್ರ ಕೆಲಸ ಕೆಡುತ್ತದೆ. ಅದು ಮಂಜಿನಂತೆ ಹನಿಹನಿಯಾಗಿ ತೇಲುತ್ತ ಗೋಪುರ ದಾಟಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಹಾಗಾಗಿ ಶೇ. 98ರ ಆ್ಯಸಿಡ್ಡಿನಲ್ಲೇ ಅದನ್ನು ಹೀರಿಸಿ, ಆಮೇಲೆ ಲೆಕ್ಕಕ್ಕೆ ತಕ್ಕಷ್ಟು ನೀರು ಬೆರೆಸುತ್ತಾರೆ. ಆ್ಯಸಿಡ್ ಮಾಡಲು ಆ್ಯಸಿಡ್ಡೇ ಬೇಕು. ಇಷ್ಟು ಗಟ್ಟಿಯಾದ ಆ್ಯಸಿಡ್ಡನ್ನು ಸಾದಾ ಉಕ್ಕಿನ ಟ್ಯಾಂಕಿನಲ್ಲೇ ತುಂಬಿಡಬಹುದು, ಏಕೆಂದರೆ ಅದು ಉಕ್ಕಿನ ಮೈಮೇಲೆ ತಾನೇ ಒಂದು ತೆಳು ಪೊರೆ ಕಟ್ಟಿ ಸುಮ್ಮನಾಗುತ್ತದೆ. ನೀರು ಬೆರೆತು ತೆಳುವಾದರೆ ಅದೇ ಉಕ್ಕನ್ನು ತಿಂದುಹಾಕುತ್ತದೆ.

ಅನಿಲ ಸಾರವಾಗಿದ್ದರೆ ಮಾತ್ರ ಈ ದಾರಿ. ಗಂಧಕದ ಅಂಶ ಬಹಳ ಕಡಿಮೆಯಿರುವ ಹೊಗೆಗೆ ತನ್ನ ಕಾವಿನಿಂದಲೇ ಕನ್ವರ್ಟರ್ ನಡೆಸುವ ಶಕ್ತಿ ಇರುವುದಿಲ್ಲ. ಅಂಥದನ್ನು ಸುಣ್ಣದ ನೀರಿನಲ್ಲಿ ತೊಳೆದರೆ ಜಿಪ್ಸಂ, ಅಮೋನಿಯಾದಲ್ಲಿ ತೊಳೆದರೆ ಅಮೋನಿಯಂ ಸಲ್ಫೇಟ್, ಸೋಡಾದಲ್ಲಿ ತೊಳೆದರೆ ಸೋಡಿಯಂ ಲವಣಗಳು. ಕಲ್ಲಿದ್ದಲಿನ ಕೋಕ್ ಅಥವಾ ನೈಸರ್ಗಿಕ ಅನಿಲ ಸುರಿದು ಹಳದಿ ಗಂಧಕವನ್ನೇ ಮರಳಿ ಪಡೆಯಲೂ ಬರುತ್ತದೆ, ಆದರೆ ಖರ್ಚು ಹೆಚ್ಚು.

ಈಗ ಟ್ಯಾಂಕರುಗಳು ನಿಂತಿರುವ ಗೇಟಿಗೆ ಬನ್ನಿ. ಕಥೆಯ ಗಂಟು ಇರುವುದು ಇಲ್ಲಿ. ಒಂದು ಟನ್ ತಾಮ್ರ ಕರಗಿಸಿದರೆ ಸುಮಾರು ಮೂರು ಟನ್ ಆ್ಯಸಿಡ್ ಹುಟ್ಟುತ್ತದೆ. ವರ್ಷಕ್ಕೆ 4 ಲಕ್ಷ ಟನ್ ತಾಮ್ರದ ಘಟಕವಾದರೆ ಆ್ಯಸಿಡ್ 12 ಲಕ್ಷ ಟನ್. ಅದನ್ನೆಲ್ಲ ರಸ್ತೆಯ ಮೇಲೆ ಸಾಗಿಸಬೇಕಾದರೆ 25 ಟನ್ನಿನ ಟ್ಯಾಂಕರ್ ದಿನಕ್ಕೆ ನೂರಕ್ಕೂ ಹೆಚ್ಚು ಹೊರಡಬೇಕು. ತಾಮ್ರವನ್ನು ಬೆಲೆ ಏರುವ ತನಕ ಗೋದಾಮಿನಲ್ಲಿ ಪೇರಿಸಿಡಬಹುದು. ಆ್ಯಸಿಡ್ಡಿಗೆ ಅಂಥ ತಾಳ್ಮೆ ಇಲ್ಲ. ಟ್ಯಾಂಕು ತುಂಬಿತೆಂದರೆ ಕುಲುಮೆಯ ಉರಿ ತಗ್ಗಿಸಲೇಬೇಕು. ಹಾಗಾಗಿ ಆ್ಯಸಿಡ್ ಕೊಳ್ಳುವ ಗೊಬ್ಬರ ಕಾರ್ಖಾನೆ, ಆ ಗೊಬ್ಬರ ಕೊಳ್ಳುವ ರೈತ, ಇಬ್ಬರೂ ಕುಲುಮೆಯ ಹೊಗೆ ಹಿಡಿಯುವ ಯಂತ್ರದ ಬಿಡಿಭಾಗಗಳೇ. ಮುಂಗಾರು ಕೈಕೊಟ್ಟು ಗೊಬ್ಬರ ಎತ್ತುವಳಿ ನಿಂತರೆ ಅದರ ಬಿಸಿ ಈ ಗೇಟಿಗೂ ಮುಟ್ಟುತ್ತದೆ.

ಗಿರಾಕಿ ಇದ್ದ ಮಾತ್ರಕ್ಕೆ ಕಾರ್ಖಾನೆಯವರು ಹೊಗೆ ಹಿಡಿಯುತ್ತಾರೆಯೇ? ಅಮೆರಿಕದ ಟೆನೆಸಿಯ ಡಕ್‌ಟೌನ್ ಇದಕ್ಕೆ ಉತ್ತರ ಹೇಳಿದೆ. ಅಲ್ಲಿ ತಾಮ್ರದ ಅದಿರನ್ನು ಬಯಲಿನಲ್ಲಿ ಸೌದೆಯ ಮೇಲೆ ಒಟ್ಟಿ ತಿಂಗಳುಗಟ್ಟಲೆ ಸುಡುತ್ತಿದ್ದರು. ಸುತ್ತಲ ಕಾಡು ಸತ್ತು ಕೆಂಪು ಮಣ್ಣಿನ ಕೊರಕಲು ಉಳಿಯಿತು. ಹೊಗೆ ಗಡಿ ದಾಟಿದ್ದರಿಂದ ನೆರೆಯ ಜಾರ್ಜಿಯಾ ರಾಜ್ಯವೇ ಸುಪ್ರೀಂ ಕೋರ್ಟಿಗೆ ಹೋಯಿತು. 1907ರಲ್ಲಿ ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಜಾರ್ಜಿಯಾದ ಪರವಾಯಿತು. ಕಂಪನಿಗಳು ಹೊಗೆಯಿಂದ ಆ್ಯಸಿಡ್ ತೆಗೆಯತೊಡಗಿದವು. ಆ್ಯಸಿಡ್ ದಕ್ಷಿಣದ ರಾಜ್ಯಗಳ ಹೊಲಗಳಿಗೆ ಸೂಪರ್ ಫಾಸ್ಫೇಟ್ ಆಗಿ ಹೋಯಿತು. ಬರಬರುತ್ತ ಅಲ್ಲಿ ತಾಮ್ರಕ್ಕಿಂತ ಆ್ಯಸಿಡ್ಡೇ ಮುಖ್ಯ ಸರಕಾಯಿತು. ಲಾಭ ಮೊದಲಿನಿಂದಲೂ ಹೊಗೆಯೊಳಗೇ ಇತ್ತು. ಅದನ್ನು ಹಿಡಿದು ನೋಡುವಂತೆ ಮಾಡಿದ್ದು ಕೋರ್ಟಿನ ಕಟಕಟೆ.

ನಮ್ಮ ಕಡೆಯ ಕಥೆ ಇಷ್ಟು ಸಲೀಸಾಗಿ ಮುಗಿದಿಲ್ಲ. ಸ್ಟರ್ಲೈಟ್ ಕಂಪನಿಯ ತಾಮ್ರದ ಕಾರ್ಖಾನೆ ಮೊದಲು ಬರಬೇಕಿದ್ದದ್ದು ಕೊಂಕಣದ ರತ್ನಾಗಿರಿಗೆ. ಆಪೂಸ್ ಮಾವಿನ ಬೆಳೆಗಾರರು ಎದ್ದು ನಿಂತರು. ಕಾರ್ಖಾನೆ ತಮಿಳುನಾಡಿನ ತೂತ್ತುಕುಡಿಗೆ ಹೋಯಿತು. ಅಲ್ಲಿ ಆ್ಯಸಿಡ್ ಘಟಕ ಇತ್ತು, ಕೊಳ್ಳುವವರೂ ಇದ್ದರು. ಆದರೂ 2013ರ ಮಾರ್ಚಿನಲ್ಲಿ ಊರಿನವರ ಕಣ್ಣು ಗಂಟಲು ಉರಿದು ಅನಿಲ ಸೋರಿಕೆಯ ದೂರು ಎದ್ದಿತು. ಅದೇ ವರ್ಷ ಹಿಂದಿನ ಮಾಲಿನ್ಯಕ್ಕಾಗಿ ಸುಪ್ರೀಂ ಕೋರ್ಟ್ 100 ಕೋಟಿ ರೂಪಾಯಿ ಪರಿಹಾರ ಕಟ್ಟಿಸಿತು. 2018ರ ಮೇ 22 ಮತ್ತು 23ರಂದು ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿ 13 ಜನ ಸತ್ತರು. ಅದೇ ತಿಂಗಳು ಸರ್ಕಾರ ಕಾರ್ಖಾನೆ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಮುಚ್ಚಿದ ಮೇಲೆ ದಕ್ಷಿಣದ ಪೇಟೆಯಲ್ಲಿ ಗಂಧಕಾಮ್ಲ ತುಟ್ಟಿಯಾಯಿತು. ಒಂದೇ ಚಿಮಣಿಯನ್ನು ಒಬ್ಬರು ಸರಕಿನ ಲೆಕ್ಕದಲ್ಲಿ ನೋಡಿದರು, ಇನ್ನೊಬ್ಬರು ಮಕ್ಕಳ ಕೆಮ್ಮಿನ ಲೆಕ್ಕದಲ್ಲಿ. ಕೊಳವೆಯೊಳಗೆ ಎಷ್ಟು ಹಿಡಿದರೆಂಬುದನ್ನು ಊರು ನಂಬುವಂತೆ ಅಳೆದು ತೋರಿಸುವವರು ನಡುವೆ ಇರದಿದ್ದರೆ ಎರಡು ಲೆಕ್ಕವೂ ಕೂಡುವುದಿಲ್ಲ.

ಆಗಸ್ಟಿಗೆ ಧಾರವಾಡ ಜಿಲ್ಲೆಗೆ ಮರಳಿ. ಕುಂದಗೋಳದ ಕಡೆ ಶೇಂಗಾ ಹೊಲದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದೀರಿ. ಹಳದಿ ಹೂವು ಬಾಡಿದಲ್ಲಿಂದ ನೇರಳೆ ಛಾಯೆಯ ಒಂದು ಮೊನೆ ಇಳಿದು ಮಣ್ಣಿನೊಳಗೆ ತೂರಿದೆ. ಕಾಯಿ ಕಟ್ಟುವುದು ಅದರ ತುದಿಯಲ್ಲಿ. ಇದೇ ಹದಕ್ಕೆ ಸಾಲಿನ ಗುಂಟ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಹಾಕಿ ಮಣ್ಣು ಏರಿಸುತ್ತಾರೆ. ಸುಣ್ಣದ ಅಂಶ ಕಾಯಿಯ ಸಿಪ್ಪೆಗೆ, ಗಂಧಕ ಬೀಜದ ಎಣ್ಣೆಗೆ. ಗಂಧಕ ಸಾಲದ ಗಿಡದಲ್ಲಿ ಹೊಸ ಎಲೆ ಮೊದಲು ಹಳದಿಯಾಗುತ್ತದೆ. ಸಾರಜನಕ ಸಾಲದಿದ್ದರೆ ಹಳೆ ಎಲೆ ಮೊದಲು. ಈ ವ್ಯತ್ಯಾಸ ತಿಳಿಯದೆ ಯೂರಿಯಾ ಎರಚಿದರೆ ದುಡ್ಡು ಮಣ್ಣುಪಾಲು.

2009ರಲ್ಲಿ ರಾಜ್ಯ ಸರ್ಕಾರ ಮತ್ತು ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ ಭೂಚೇತನ ಯೋಜನೆ ಆರಂಭಿಸಿದಾಗ ಮೊದಲು ಆಯ್ದ ಜಿಲ್ಲೆಗಳಲ್ಲಿ ಧಾರವಾಡವೂ ಒಂದು. ಮಣ್ಣಿನ ಪರೀಕ್ಷೆಯಲ್ಲಿ ಒಣಬೇಸಾಯದ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಸೂಪರ್ ಬಿಟ್ಟು ಡಿಎಪಿ ಹಿಡಿದ ಕಾಲದಿಂದ ರಂಜಕ ಸಿಕ್ಕಿತು, ಜೊತೆಗೆ ಬರುತ್ತಿದ್ದ ಗಂಧಕ ತಪ್ಪಿತು. ಬೆಳೆ ಮಾತ್ರ ವರ್ಷವೂ ತನ್ನ ಪಾಲು ಎತ್ತಿಕೊಂಡು ಹೋಗುತ್ತಲೇ ಇತ್ತು. ಯುರೋಪಿನಲ್ಲಿ ಇನ್ನೂ ಸೋಜಿಗ: ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಹೊಗೆ ಶುದ್ಧವಾದ ಮೇಲೆ, ಮಳೆಯೊಡನೆ ಪುಕ್ಕಟೆ ಬೀಳುತ್ತಿದ್ದ ಗಂಧಕ ನಿಂತು, ಎಣ್ಣೆಕಾಳಿನ ಬೆಳೆಗೆ ಅದನ್ನು ದುಡ್ಡು ಕೊಟ್ಟು ಹಾಕುವ ಕಾಲ ಬಂತು. ಗಾಳಿಯಲ್ಲಿ ಬಂದರೆ ಎಲೆ ಸುಡುವ ವಸ್ತುವೇ ಬೇರಿನಿಂದ ಬಂದರೆ ಬೆಳೆಗೆ ಆಹಾರ.

ದೊಡ್ಡ ಕುಲುಮೆ ದೂರದ ಗುಜರಾತಿನದಾಯಿತು. ಸಣ್ಣ ಕುಲುಮೆಯ ದಾರಿ ಹುಬ್ಬಳ್ಳಿಯಿಂದಲೇ ಹೊರಡುತ್ತದೆ. ಗೋಕುಲ ರಸ್ತೆಯ ಒಂದು ಬ್ಯಾಟರಿ ಅಂಗಡಿಗೆ ಹೊಕ್ಕಿರಿ. ಹುಡುಗ ಹೈಡ್ರೋಮೀಟರಿನ ರಬ್ಬರ್ ಗುಂಡು ಹಿಸುಕಿ ಬ್ಯಾಟರಿಯ ನೀರು ಎಳೆಯುತ್ತಾನೆ. ಒಳಗಿನ ತೇಲುಗೊಳವೆ 1.28ರ ಗೆರೆಗೆ ನಿಂತರೆ ಬ್ಯಾಟರಿ ಗಟ್ಟಿ. ಅಂದರೆ ತೂಕದಲ್ಲಿ ಮೂರನೇ ಒಂದಕ್ಕೂ ಮಿಕ್ಕಿ ಗಂಧಕಾಮ್ಲ. ಅವನ ಪ್ಯಾಂಟಿನ ತೊಡೆಯ ಮೇಲೆ ಕಾಳಿನಷ್ಟು ತೂತುಗಳು, ಪ್ರತಿಯೊಂದೂ ಒಂದು ಹನಿಯ ಗುರುತು. ಮೂಲೆಯಲ್ಲಿ ಸತ್ತ ಬ್ಯಾಟರಿಗಳ ಅಟ್ಟಿ. ಆ್ಯಸಿಡ್ಡಿನಲ್ಲಿದ್ದ ಗಂಧಕದ ದೊಡ್ಡ ಪಾಲು ಈಗ ಸೀಸದ ತಟ್ಟೆಗಳಿಗೆ ಅಂಟಿ ಸೀಸದ ಸಲ್ಫೇಟ್ ಆಗಿ ಕುಳಿತಿದೆ. ಹಾಗೇ ಕುಲುಮೆಗೆ ಹಾಕಿದರೆ ಅದೇ ಕಡ್ಡಿ ಗೀರಿದ ವಾಸನೆ, ಜೊತೆಗೆ ಸೀಸದ ಹೊಗೆ.

ಬಲ್ಲ ಕಾರ್ಖಾನೆಯವರು ಕರಗಿಸುವ ಮೊದಲೇ ಆ ಕೆಸರನ್ನು ಸೋಡಾ ಆ್ಯಶ್ ನೀರಿನಲ್ಲಿ ಕಲಕುತ್ತಾರೆ. ಗಂಧಕ ಸೀಸವನ್ನು ಬಿಟ್ಟು ಸೋಡಿಯಂ ಸಲ್ಫೇಟ್ ಆಗುತ್ತದೆ. ಆರಿಸಿದರೆ ಬಿಳಿ ಹರಳು, ಬಟ್ಟೆ ಸೋಪಿನ ಪುಡಿಗೂ ಗಾಜಿಗೂ ಬೇಕಾದ ಸರಕು. ಅಥವಾ ಕುಲುಮೆಗೆ ಕಬ್ಬಿಣದ ಚೂರು ಹಾಕಿ ಗಂಧಕವನ್ನು ಕಿಟ್ಟದಲ್ಲಿ ಕಟ್ಟಿಹಾಕುತ್ತಾರೆ. ಕದ್ದು ಕರಗಿಸುವವರು ಆ್ಯಸಿಡ್ಡನ್ನು ಗಟಾರಕ್ಕೆ ಸುರಿದು ಉಳಿದದ್ದನ್ನು ತೆರೆದ ಒಲೆಗೆ ಹಾಕುತ್ತಾರೆ. 2001ರ ನಿಯಮ, ಆಮೇಲೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ, ಎರಡೂ ಹೇಳುವುದು ಒಂದೇ: ಹಳೆ ಬ್ಯಾಟರಿ ನೋಂದಾಯಿತ ಘಟಕಕ್ಕೇ ಹೋಗಬೇಕು.

ಮಧ್ಯಾಹ್ನದ ಹೊತ್ತಿಗೆ ಗುಜರಿಯವನೊಬ್ಬ ಗಾಡಿ ತಂದು ನಿಲ್ಲಿಸುತ್ತಾನೆ. ಕಿಲೋಗೆ ನಾಲ್ಕು ರೂಪಾಯಿ ಮೇಲೆ, ಕೈಗೆ ರೊಕ್ಕ, ಬಿಲ್ಲು ಕೇಳಬಾರದು. ನೋಂದಾಯಿತ ಘಟಕದ ಏಜೆಂಟ್ ಕೊಡುವುದು ಕಡಿಮೆ, ಜೊತೆಗೆ ಕಾಗದಪತ್ರದ ಕಾಟ.

“ಯಾರಿಗೆ ಕೊಡ್ತೀರಿ ಅಣ್ಣಾರ?” ಎಂದು ಅಂಗಡಿಯವರನ್ನು ನೀವು ಕೇಳುತ್ತೀರಿ.

“ಯಾರು ಹೆಚ್ಚಿಗಿ ಕೊಡ್ತಾರ ಅವರಿಗೇ ಕೊಡೂದಲ್ಲೇನ್ರಿ ವ್ಯಾಪಾರ? ಆ ನಾಕ್ ರೂಪಾಯಿ ನನಗ ಯಾರ್ ತುಂಬಿ ಕೊಡ್ತಾರ ಹೇಳ್ರಿ.”

ಮಾತು ಒರಟಾದರೂ ಲೆಕ್ಕ ಖರೆ. ಆ ನಾಲ್ಕು ರೂಪಾಯಿಯಲ್ಲಿ ಸೋಡಾ ಆ್ಯಶ್ ಇದೆ, ಫಿಲ್ಟರ್ ಇದೆ, ಅದನ್ನು ತಿರುಗಿಸುವ ಕರೆಂಟಿದೆ, ಕೆಲಸಗಾರನ ಮಾಸ್ಕ್ ಇದೆ. ದಹೇಜಿನಂಥ ಕಡೆ ಆ್ಯಸಿಡ್ ಮಾರಿ ಈ ಖರ್ಚಿನಲ್ಲಿ ಒಂದಿಷ್ಟನ್ನಾದರೂ ಎತ್ತಬಹುದು, ಏಕೆಂದರೆ ಗಂಧಕ ಅಲ್ಲಿ ಟನ್ನುಗಟ್ಟಲೆ. ಬ್ಯಾಟರಿಯ ಗಂಧಕ ಅಷ್ಟಿಲ್ಲ. ಬಿಳಿ ಹರಳು ಮಾರಿದರೆ ಸೋಡಾದ ದುಡ್ಡು ಹುಟ್ಟುವುದೂ ಕಷ್ಟ. ಅಲ್ಲಿ ಉಳಿದದ್ದನ್ನು ಹೊಸ ಬ್ಯಾಟರಿ ಕೊಳ್ಳುವ ನೀವೇ ತುಂಬಬೇಕು. ಬ್ಯಾಟರಿ ತಯಾರಿಸಿ ಮಾರುವ ಕಂಪನಿಯೇ ಹಳೆಯದನ್ನು ವಾಪಸು ಪಡೆಯುವ ಹೊಣೆ ಹೊರಬೇಕೆಂದು 2022ರ ನಿಯಮ ಹೇಳುವುದು ಇದಕ್ಕಾಗಿ: ಆ ಖರ್ಚು ಬ್ಯಾಟರಿಯ ಬೆಲೆಯಲ್ಲೇ ಕೂಡಿಕೊಳ್ಳಲಿ, ಗುಜರಿಯವನ ನಾಲ್ಕು ರೂಪಾಯಿಗೆ ಸೋಲದಿರಲಿ ಎಂದು. ಇಲ್ಲವಾದರೆ ಅದನ್ನು ಒಲೆಯ ಪಕ್ಕದ ಓಣಿಯವರು ಕಟ್ಟುತ್ತಾರೆ, ಅದೂ ರಸೀದಿ ಇಲ್ಲದೆ.